ಬಚ್ಚಲಮನೆಯ ಪಾರಣೆ

ಮಂಜರಿ ಬಹಳ ಶಾಂತ ಸ್ವಭಾವದ ಹೆಂಗಸು ಎಂದು ಇಂಡಿ ಊರಿನ ಅವಳ ಓಣಿಯವರೆಲ್ಲ ಹೇಳುತ್ತಿದ್ದರು. ಜನ ಎಷ್ಟು ಸುಲಭವಾಗಿ ಮೋಸಹೋಗುತ್ತಾರೆ ನೋಡಿ. ದನಿ ಏರಿಸದೆ ಮಾತಾಡುವ, ತಲೆ ತಗ್ಗಿಸಿ ನಡೆಯುವ ಸೊಸೆಯೊಬ್ಬಳು ಕಂಡರೆ ಸಾಕು, ಅವಳ ಹೊಟ್ಟೆಯೊಳಗೆ ಏನೂ ಇಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಮಂಜರಿಯ ಹೊಟ್ಟೆಯೊಳಗೆ ಹದಿನಾಲ್ಕು ವರ್ಷದ ಸಿಟ್ಟಿತ್ತು. ಅದು ಆರಿರಲಿಲ್ಲ, ಹಳಸಿಯೂ ಇರಲಿಲ್ಲ. ದಿನಾ ಬೆಳಿಗ್ಗೆ ಎದ್ದು ಅದು ಇದ್ದಲ್ಲೇ ಇದೆಯೋ ಇಲ್ಲವೋ ಎಂದು ಒಮ್ಮೆ ನೋಡಿಕೊಂಡೇ ಅವಳು ಅಂಗಳಕ್ಕೆ ನೀರು ಹಾಕುತ್ತಿದ್ದಳು.

ಆ ಸಿಟ್ಟು ಅತ್ತೆ ಭಾಗೀರಥೀಬಾಯಿಯ ಮೇಲಿನದು. ಶುರುವಾದದ್ದು ಒಂದು ಬುದ್ಧಿಹಲ್ಲಿನಿಂದ.

ಮುದ್ದೇಬಿಹಾಳದ ಪ್ರಲ್ಹಾದ ಮಾಸ್ತರರ ಒಬ್ಬಳೇ ಮಗಳು ಮಂಜರಿ. ತೊಂಬತ್ತೆರಡರಲ್ಲಿ ಅವಳನ್ನು ಇಂಡಿಯ ಶ್ರೀವಲ್ಲಭನಿಗೆ ಕೊಟ್ಟರು. ಹುಡುಗನಿಗೆ ಸರಕಾರಿ ಗುಮಾಸ್ತಿಕೆ, ಅಗರಖೇಡದ ಕಡೆ ಹೊಳೆದಂಡೆಗೆ ಹೊಲ, ಊರೊಳಗೆ ಕಲ್ಲುಗೋಡೆಯ ಮನೆ. ಮನೆಯಲ್ಲಿ ಕನ್ನಡವೂ ನಡೆಯುತ್ತಿತ್ತು, ಮರಾಠಿಯೂ ನಡೆಯುತ್ತಿತ್ತು. ಭಾಗೀರಥೀಬಾಯಿ ದೇವರ ಜೊತೆ ಕನ್ನಡದಲ್ಲಿ ಮಾತಾಡಿ ಸೊಸೆಯನ್ನು ಮರಾಠಿಯಲ್ಲಿ ಬೈಯುತ್ತಿದ್ದರು. ಅವರ ಆಚಾರ ಇಡೀ ತಾಲ್ಲೂಕಿಗೆ ಗೊತ್ತಿತ್ತು. ಅದರಲ್ಲೂ ಏಕಾದಶಿ ಬಂತೆಂದರೆ ಆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ದಶಮಿಯ ದಿನ ಒಂದೇ ಊಟ. ಏಕಾದಶಿಗೆ ಅನ್ನವಿಲ್ಲ, ಹಣ್ಣಿಲ್ಲ, ಗಂಟಲಿಗೆ ಒಂದು ಹನಿ ನೀರೂ ಇಲ್ಲ. ಮರುದಿನ ದ್ವಾದಶಿ ಬೆಳಗಾಗುತ್ತಲೇ ಪೂಜೆ ಮುಗಿಸಿ ನಾಲ್ಕು ಜನರ ಜೊತೆ ಕುಳಿತು ಉಪವಾಸ ಬಿಡುವುದೇ ಪಾರಣೆ. ಆ ಪಂಕ್ತಿಯಲ್ಲಿ ಕೂಡುವುದೆಂದರೆ ಓಣಿಯವರಿಗೆ ಒಂದು ಮರ್ಯಾದೆಯ ಮಾತಾಗಿತ್ತು.

ಮದುವೆಯಾದ ಮರುವರ್ಷ ಮಂಜರಿಗೆ ಬುದ್ಧಿಹಲ್ಲು ಅಡ್ಡಡ್ಡ ಹುಟ್ಟಿತು. ವಸಡು ಬಾತು ಬಾಯಿ ತೆರೆಯಲು ಬಾರದಂತಾದಾಗ ಗಂಡ ಬಿಜಾಪುರಕ್ಕೆ ಕರೆದೊಯ್ದು ಕೀಳಿಸಿಕೊಂಡು ಬಂದ. ವಸಡು ಕೊಯ್ದು, ಹಲ್ಲನ್ನು ತುಂಡು ಮಾಡಿ ತೆಗೆದಿದ್ದರು. ನೋವಿಗೆಂದು ಗುಳಿಗೆ ಕೊಟ್ಟಿದ್ದರು. ಮರುದಿನ ಏಕಾದಶಿ. ಗುಳಿಗೆ ನುಂಗಬೇಕೆಂದರೆ ನೀರು ಕುಡಿಯಬೇಕು, ನೀರು ಕುಡಿದರೆ ಉಪವಾಸ ಮುರಿಯುತ್ತದೆ. ಒಂದು ದಿನ ಹಲ್ಲು ಕಚ್ಚಿ ತಡೆದುಕೋ ಎಂದರು ಅತ್ತೆ. ಕಚ್ಚಲು ಹಲ್ಲು ಎಲ್ಲಿದೆ ಎಂದು ಕೇಳುವ ಧೈರ್ಯ ಆಗ ಮಂಜರಿಗೆ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನೋವು ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ ಏರಿತು. ಹುಡುಗಿಗೆ ಇನ್ನೂ ಇಪ್ಪತ್ತೊಂದು ವರ್ಷ. ಅವಳು ಬಚ್ಚಲಮನೆಗೆ ಹೋಗಿ, ಹಂಡೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಗುಳಿಗೆ ನುಂಗಿದಳು. ಗುಳಿಗೆಯ ಹಾಳೆಯನ್ನು ಬಚ್ಚಲ ಒಲೆಯ ಬೂದಿಯಲ್ಲಿ ಹುಗಿದಳು. ಸಂಜೆ ಬೂದಿ ತೆಗೆಯುವಾಗ ಅದು ಭಾಗೀರಥೀಬಾಯಿಯ ಕೈಗೆ ಸಿಕ್ಕಿತು. ಅವರು ಅಂದು ಏನೂ ಅನ್ನಲಿಲ್ಲ. ಅನ್ನಲು ಅವರಿಗೆ ಜನ ಬೇಕಾಗಿತ್ತು.

ಮರುದಿನ ಪಾರಣೆಗೆ ಎಲೆ ಹಾಕಿದ್ದರು. ಮಗಳನ್ನು ನೋಡಿಕೊಂಡು ಹೋಗಲು ಪ್ರಲ್ಹಾದ ಮಾಸ್ತರರೂ ಮುದ್ದೇಬಿಹಾಳದಿಂದ ಬಂದು ಪಂಕ್ತಿಯಲ್ಲಿ ಕುಳಿತಿದ್ದರು. ಹೆಂಗಸರ ಸಾಲಿನಲ್ಲಿ ಮಂಜರಿಯ ಎಲೆಗೆ ಅನ್ನ ಬೀಳುವ ಹೊತ್ತಿಗೆ ಭಾಗೀರಥೀಬಾಯಿ ಬಡಿಸುವ ಕೈಯನ್ನು ತಡೆದರು.

"ಆಕಿಗೆ ಬಡಸಬ್ಯಾಡ್ರಿ. ಆಕಿ ಪಾರಣಿ ನಿನ್ನೆನ ಬಚ್ಚಲಮನ್ಯಾಗ ಆಗೇದ."

ಮೊದಲು ಯಾರಿಗೂ ತಿಳಿಯಲಿಲ್ಲ. ಭಾಗೀರಥೀಬಾಯಿ ಬಿಡಿಸಿ ಹೇಳಿದರು, ಗುಳಿಗೆಯ ಹಾಳೆಯನ್ನು ತೋರಿಸಿಯೂ ಆಯಿತು. ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಗದೇ ಇದ್ದವರು ಪ್ರಲ್ಹಾದ ಮಾಸ್ತರರು ಒಬ್ಬರೇ. ಅವರು ಎಲೆ ಬಿಟ್ಟು ಎದ್ದು, ಬೀಗಿತ್ತಿಯ ಮುಂದೆ ನಿಂತು ಕೈ ಜೋಡಿಸಿದರು. ಮಗಳಿಗೆ ಸಂಸ್ಕಾರ ಕಲಿಸಿದ್ದು ಕಡಿಮೆಯಾಯಿತು, ತಪ್ಪು ನನ್ನದು, ಹೊಟ್ಟೆಯಲ್ಲಿ ಹಾಕಿಕೊಳ್ಳಿ ಎಂದರು. ಮೂವತ್ತು ವರ್ಷ ಸಾಲಿಯಲ್ಲಿ ಮಕ್ಕಳಿಗೆ ತಲೆಯೆತ್ತಿ ನಡೆಯಲು ಹೇಳಿದ್ದ ಮನುಷ್ಯ ಅವರು. ಬಾತ ಕೆನ್ನೆ ಹಿಡಿದುಕೊಂಡು ಕುಳಿತಿದ್ದ ಮಗಳು ಆ ಜೋಡಿಸಿದ ಕೈಗಳನ್ನು ನೋಡಿದಳು.

ಹಲ್ಲಿನ ನೋವು ವಾರದಲ್ಲಿ ಹೋಯಿತು. ಆ ಕೈಗಳು ಹೋಗಲಿಲ್ಲ. ಬಚ್ಚಲಮನೆಯ ಪಾರಣೆ ಎಂಬ ಮಾತು ಮದುವೆ ಮುಂಜಿವೆಗಳ ಜೊತೆ ಊರೂರು ತಿರುಗಿತು. ಬಸವನ ಬಾಗೇವಾಡಿಯಲ್ಲಿ ಒಂದು ಮದುವೆಯ ಊಟದ ಹೊತ್ತಿನಲ್ಲಿ ಯಾರೋ ಗುರುತಿಲ್ಲದವರು ಮಾಸ್ತರರಿಗೇ ಆ ಕಥೆ ಹೇಳಿ ನಕ್ಕರಂತೆ. ಆಮೇಲೆ ಮಾಸ್ತರರು ಇಂಡಿಗೆ ಬರುವುದನ್ನು ಬಿಟ್ಟರು. ಮಗಳನ್ನು ನೋಡಬೇಕೆನಿಸಿದರೆ ಪತ್ರ ಬರೆದು ಅವಳನ್ನೇ ಕರೆಸಿಕೊಳ್ಳುತ್ತಿದ್ದರು. ಕೆಲವು ವರ್ಷಗಳ ನಂತರ ತೀರಿಕೊಂಡರು.

ಮಂಜರಿ ಅಂದಿನಿಂದ ಒಂದು ಏಕಾದಶಿಯನ್ನೂ ಬಿಡಲಿಲ್ಲ. ಜ್ವರ ಬಂದಾಗಲೂ ಬಿಡಲಿಲ್ಲ. ಹನಿ ನೀರಿಲ್ಲದೆ ನಡೆಸಿದಳು. ಭಕ್ತಿಯಿಂದ ಎಂದು ಓಣಿಯವರು ತಿಳಿದರು, ಅವಳು ಮಾಡಿದ್ದು ಹಟದಿಂದ. ಅಷ್ಟಾದರೂ ಭಾಗೀರಥೀಬಾಯಿ ಪಂಚಾಂಗವನ್ನು ಅವಳ ಕೈಗೆ ಕೊಡಲಿಲ್ಲ. ಅದು ದೇವರ ಕೋಣೆಯ ಗೋಡೆಯ ಮಾಡದಲ್ಲಿ ಇರುತ್ತಿತ್ತು. ಯಾವ ದಿನ ಏನೆಂದು ಹೇಳುವವರು ಅವರು, ಕೇಳಿ ಮಾಡುವವಳು ಇವಳು. ಮಾವ ವಿಠ್ಠಲರಾಯರು ತೀರಿಕೊಂಡು, ಅತ್ತೆಯ ಮಂಡಿ ಹಿಡಿದುಕೊಂಡ ಮೇಲೆ ದ್ವಾದಶಿಯ ಅಡುಗೆಯೇನೋ ಮಂಜರಿಯ ಪಾಲಿಗೆ ಬಂತು. ಹೊಸದಾಗಿ ಬಂದ ನೆಂಟರ ಮುಂದೆ ಮಾತ್ರ ಭಾಗೀರಥೀಬಾಯಿ ಆ ಹಳೆಯ ಕಥೆಯನ್ನು ಆಗಾಗ ತೆಗೆಯುತ್ತಲೇ ಇದ್ದರು. ಹೇಳುವಾಗ ಅವರ ಮುಖದಲ್ಲಿ ಒಂದು ತೃಪ್ತಿ ಕಾಣುತ್ತಿತ್ತು. ಮಂಜರಿ ಚಹಾದ ಬಟ್ಟಲು ಇಟ್ಟು ಒಳಗೆ ಹೋಗುತ್ತಿದ್ದಳು.

ಎರಡು ಸಾವಿರದ ಏಳರ ಮಳೆಗಾಲದಲ್ಲಿ ಭಾಗೀರಥೀಬಾಯಿಯ ಹಲ್ಲು ನೋಯತೊಡಗಿತು. ವಯಸ್ಸು ಎಪ್ಪತ್ತರ ಹತ್ತಿರ. ಉಳಿದ ದವಡೆ ಹಲ್ಲುಗಳು ಎಂದೋ ಉದುರಿದ್ದವು, ಕೊನೆಗೆ ಉಳಿದ ಬುದ್ಧಿಹಲ್ಲು ಒಳಗೊಳಗೇ ಕೊಳೆತು ಕುಳಿತಿತ್ತು. ಲವಂಗ ಇಟ್ಟರು, ಉಪ್ಪುನೀರು ಮುಕ್ಕಳಿಸಿದರು, ಕೆನ್ನೆಗೆ ಬಟ್ಟೆ ಕಟ್ಟಿಕೊಂಡು ಜಪ ಮಾಡಿದರು. ಹಲ್ಲು ಕೀಳಿಸುವುದೆಂದರೆ ಅವರಿಗೆ ಅಂಜಿಕೆ. ಆ ಅಂಜಿಕೆಯನ್ನು ಮಂಜರಿ ಅಡುಗೆಮನೆಯಿಂದಲೇ ಗುರುತಿಸಿದಳು, ಗುರುತಿಸಿದ ದಿನ ಅವಳಿಗೆ ಊಟ ರುಚಿಸಿತು.

ಬಿಜಾಪುರದ ಹಲ್ಲಿನ ಡಾಕ್ಟರೊಬ್ಬರು ವಾರಕ್ಕೊಮ್ಮೆ ಇಂಡಿಗೆ ಬರುತ್ತಿದ್ದರು. ಅವರಿಗೆ ಫೋನು ಮಾಡಿ ದಿನ ಗೊತ್ತುಮಾಡಿದ್ದು ಮಂಜರಿ. ಹಾಗೆ ಮಾಡುವ ಮೊದಲು ಅವಳು ಅಡುಗೆಮನೆಯ ಗೋಡೆಗೆ ತೂಗುಬಿಟ್ಟಿದ್ದ ಕಿರಾಣಿ ಅಂಗಡಿಯ ಕ್ಯಾಲೆಂಡರನ್ನು ನೋಡಿದಳು. ಭಾದ್ರಪದದ ಏಕಾದಶಿ ಯಾವ ದಿನವೆಂದು ಅದರಲ್ಲಿ ಅಚ್ಚಾಗಿತ್ತು. ಅದರ ಹಿಂದಿನ ದಿನಕ್ಕೇ ಡಾಕ್ಟರು ಬರುವವರಿದ್ದರು. ಅವಳು ಆ ದಿನವನ್ನೇ ಹಿಡಿದಳು.

ಭಾಗೀರಥೀಬಾಯಿ ಪಂಚಾಂಗ ತೆಗೆದು ನೋಡಿ ಹುಬ್ಬು ಗಂಟಿಕ್ಕಿದರು. ಮರುದಿನ ಏಕಾದಶಿ ಬರುತ್ತದಲ್ಲ ಎಂದರು. ಈ ಗಳಿಗೆಗಾಗಿಯೇ ಮಂಜರಿ ಕಾದಿದ್ದಳು. ಬಹಳ ಮೆತ್ತಗೆ ಕೇಳಿದಳು.

"ಮುಂದ ಹಾಕ್ರಿ ಅಂತ ಹೇಳಲೇನ್ರಿ? ನಿಮಗ ತಡಕೊಳ್ಳಲಿಕ್ಕೆ ಆಗಂಗಿಲ್ಲಂದ್ರ ಹೇಳತೇನಿ."

ಭಾಗೀರಥೀಬಾಯಿಯ ಮುಖ ಕೆಂಪಾಯಿತು. ತನಗೇಕೆ ಆಗುವುದಿಲ್ಲ, ತಾನೇನು ಬಚ್ಚಲಮನೆಗೆ ಓಡುವವಳೇ ಎಂದರು. ದಿನ ಗಟ್ಟಿಯಾಯಿತು.

ಇನ್ನು ಇಲ್ಲಿ ಮಂಜರಿಗೆ ಏನು ಬೇಕಾಗಿತ್ತು ಎನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಅತ್ತೆ ನರಳಬೇಕು ಎನ್ನುವುದು ಅವಳಿಗೆ ಸಣ್ಣ ಮಾತು. ನೋವು ಯಾರಿಗೂ ಬರುತ್ತದೆ, ಹೋಗುತ್ತದೆ. ಅತ್ತೆ ಮುರಿಯಬೇಕು, ತನ್ನ ಹಾಗೆ ಗುಳಿಗೆಗೆ ಕೈಚಾಚಬೇಕು. ತನ್ನ ತಂದೆ ಕೈ ಜೋಡಿಸಿದ ಪಂಕ್ತಿಯಲ್ಲಿ ಆ ಮಾತನ್ನು ತಾನು ಆಡಬೇಕು. ಅದಕ್ಕಿಂತ ಕಡಿಮೆ ಏನೂ ಅವಳಿಗೆ ಬೇಡವಾಗಿತ್ತು.

ಹಲ್ಲು ಕೀಳುವಾಗ ಬಹಳ ತ್ರಾಸು ಕೊಟ್ಟಿತು. ಬೇರು ಮುರಿದು ವಸಡು ಕೊಯ್ದು, ಹೊಲಿದು ಟಾಕಿ ಹಾಕಬೇಕಾಯಿತು. ಕೀವಾಗದಂತೆ ಇಂಜೆಕ್ಷನ್ ಕೊಟ್ಟರು. ನೋವಿಗೆ ಗುಳಿಗೆ ಬರೆದ ಡಾಕ್ಟರಿಗೆ ಶ್ರೀವಲ್ಲಭ, ನಾಳೆ ಅವ್ವ ನೀರೂ ಮುಟ್ಟುವುದಿಲ್ಲ ಎಂದು ಹೇಳಿದ. ಡಾಕ್ಟರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆದರೂ ಯೋಚನೆ ಮಾಡಿ ಇನ್ನೊಂದು ಚೀಟಿ ಬರೆದರು. ಈಗ ಹೊಸದಾಗಿ ಪಟ್ಟಿಗಳು ಬಂದಿವೆ, ರಟ್ಟೆಗೆ ಅಂಟಿಸಿದರೆ ಔಷಧಿ ಚರ್ಮದಿಂದಲೇ ಮೈಯೊಳಗೆ ಇಳಿಯುತ್ತದೆ, ಬಾಯಿಗೂ ಹೊಟ್ಟೆಗೂ ಸಂಬಂಧವಿಲ್ಲ, ದಿನಕ್ಕೊಂದು ಸಾಕು ಎಂದರು. ಪಟ್ಟಿ ಹಚ್ಚಿದರೆ ಗುಳಿಗೆ ನುಂಗಬಾರದು, ಗುಳಿಗೆ ನುಂಗಿದರೆ ಪಟ್ಟಿ ಹಚ್ಚಬಾರದು, ಎರಡೂ ಒಂದೇ ಔಷಧಿ ಎಂದೂ ಎಚ್ಚರಿಸಿದರು. ಬೀರಣ್ಣನ ಔಷಧಿ ಅಂಗಡಿಯಲ್ಲಿ ಎರಡೂ ಸಿಕ್ಕವು. ಶ್ರೀವಲ್ಲಭ ಎರಡನ್ನೂ ಹೆಂಡತಿಯ ಕೈಗೆ ಕೊಟ್ಟು, ಗುಳಿಗೆಯನ್ನು ಅವರು ಮುಟ್ಟುವುದಿಲ್ಲ, ಪಟ್ಟಿ ಹಚ್ಚು ಎಂದು ಹೇಳಿ, ಕಚೇರಿಯ ಕೆಲಸದ ಮೇಲೆ ಸಿಂದಗಿಯ ಬಸ್ಸು ಹತ್ತಿದ. ಬಾಯಿತುಂಬ ಹತ್ತಿ ಕಚ್ಚಿಕೊಂಡು ಒಳಗೆ ಮಲಗಿದ್ದ ಭಾಗೀರಥೀಬಾಯಿಗೆ ಈ ಮಾತು ಯಾವುದೂ ಕೇಳಿಸಿರಲಿಲ್ಲ.

ಮಂಜರಿ ಪಟ್ಟಿಗಳ ಲಕೋಟೆಯನ್ನು ತನ್ನ ಟ್ರಂಕಿನೊಳಗೆ, ಇಳಕಲ್ ಸೀರೆಗಳ ಕೆಳಗೆ ಇಟ್ಟಳು. ಗುಳಿಗೆಗಳನ್ನು ಒಂದು ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ತಂಬಿಗೆ ನೀರು ಇಟ್ಟು, ಅತ್ತೆಯ ಹಾಸಿಗೆಯ ತಲೆದಿಂಬಿನ ಹತ್ತಿರ ತಂದಿಟ್ಟಳು.

ಏಕಾದಶಿ ಬೆಳಗಾಯಿತು. ಭಾಗೀರಥೀಬಾಯಿ ಬಾತ ಕೆನ್ನೆಯಲ್ಲೇ ಸ್ನಾನ ಮಾಡಿ, ಹಣೆಗೆ ಅಂಗಾರದ ಕರಿಗೆರೆ ಎಳೆದುಕೊಂಡು, ಗೋಡೆಗೆ ಒರಗಿ ಜಪಕ್ಕೆ ಕುಳಿತರು. ಸ್ವಲ್ಪ ಹೊತ್ತಿಗೆ ಜಪಮಾಲೆ ಕೈಯಲ್ಲಿ ನಿಂತುಬಿಟ್ಟಿತು. ಕಣ್ಣಲ್ಲಿ ನೀರು ತಾನಾಗಿಯೇ ಇಳಿಯುತ್ತಿತ್ತು. ಮಂಜರಿ ಹತ್ತಿರ ಹೋಗಿ ಕೂತು, ಗುಳಿಗೆ ತೊಗೊಳ್ಳಿ ಅತ್ತಿ, ಮನೆಯಲ್ಲಿ ನಾವಿಬ್ಬರೇ ಇದ್ದೇವೆ, ಯಾರಿಗೆ ಗೊತ್ತಾಗುತ್ತದೆ ಎಂದಳು. ಅವಳ ದನಿಯಲ್ಲಿದ್ದ ಅಕ್ಕರೆಯನ್ನು ಯಾರಾದರೂ ಕೇಳಿದ್ದರೆ ಇಂಥ ಸೊಸೆ ಪಡೆಯಲು ಪುಣ್ಯ ಮಾಡಿರಬೇಕು ಎನ್ನುತ್ತಿದ್ದರು. ಭಾಗೀರಥೀಬಾಯಿ ತಟ್ಟೆಯನ್ನು ಮುಂಗೈಯಿಂದ ಆಚೆ ಸರಿಸಿದರು. ಮಂಜರಿ ಅದನ್ನು ಮತ್ತೆ ಈಚೆ ಸರಿಸಿದಳು.

ಮಧ್ಯಾಹ್ನ ಸಿಂದಗಿಯಿಂದ ಶ್ರೀವಲ್ಲಭ ಫೋನು ಮಾಡಿದ. ಪಟ್ಟಿ ಹಚ್ಚಿದೆಯಾ ಎಂದು ಕೇಳಿದ. ಹಚ್ಚೇನಿ ಎಂದಳು.

ಅತ್ತೆ ದಿನವಿಡೀ ನರಳಿದರು, ಆದರೆ ಗುಳಿಗೆ ಮುಟ್ಟಲಿಲ್ಲ. ಸಂಜೆಯ ಹೊತ್ತಿಗೆ ಮಂಜರಿಗೆ ಸಿಟ್ಟು ಬಂತು. ಮುದುಕಿಯ ಗಟ್ಟಿತನದ ಮೇಲೂ ಬಂತು, ತನ್ನ ಇಪ್ಪತ್ತೊಂದರ ದೌರ್ಬಲ್ಯದ ಮೇಲೂ ಬಂತು. ತಾನು ಒಂದು ಮಧ್ಯಾಹ್ನ ತಡೆಯಲಾರದ್ದನ್ನು ಇವರು ಒಂದು ಹಗಲು ತಡೆದಿದ್ದರು. ಇನ್ನು ಬೆಳಗಾದರೆ ಪಾರಣೆ, ಎಲ್ಲಾ ಮುಗಿದುಹೋಗುತ್ತದೆ. ಅವಳು ಸೋತ ಮನಸ್ಸಿನಿಂದ ಎದ್ದು, ನಾಳಿನ ಅಡುಗೆಗೆಂದು ಹೆಸರುಬೇಳೆ ಆರಿಸಲು ಮೊರ ತೆಗೆದಳು. ಬೇಳೆಯ ಸಪ್ಪಳ ಕೇಳಿ ಭಾಗೀರಥೀಬಾಯಿ ಒಳಗಿನಿಂದ ಚಪ್ಪಾಳೆ ತಟ್ಟಿ ಕರೆದರು. ಬಾಯಿ ತೆರೆಯಲಾಗದೆ ಎರಡು ಬೆರಳು ಎತ್ತಿ ತೋರಿಸಿದರು. ಮಂಜರಿಗೆ ಅರ್ಥವಾಗಲಿಲ್ಲ. ಕೊನೆಗೆ ದವಡೆ ಹಿಡಿದುಕೊಂಡು ಒಂದೊಂದೇ ಮಾತು ಹೊರಗೆ ತೆಗೆದರು.

"ನಾಳೆನೂ ಉಪವಾಸ ಅದ. ಶ್ರವಣ ದ್ವಾದಶಿ. ಪಾರಣಿ ನಾಡದ."

ದ್ವಾದಶಿಗೆ ಶ್ರವಣ ನಕ್ಷತ್ರ ಕೂಡಿಬಂದ ವರ್ಷ ಆ ಮನೆತನದವರು ಎರಡು ದಿನ ಸೇರಿಸಿ ಉಪವಾಸ ಮಾಡುತ್ತಾರೆ. ಅಂಥ ಸಂಗತಿ ಮಠದ ಪಂಚಾಂಗದಲ್ಲಿ ಬರೆದಿರುತ್ತದೆಯೇ ಹೊರತು ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಪ್ರತಿ ಸಲ ಅತ್ತೆಯೇ ಮುಂಚಿತವಾಗಿ ಹೇಳುತ್ತಿದ್ದರು. ಈ ಸಲ ಅವರ ಬಾಯಿಗೆ ಹತ್ತಿ ಇತ್ತು. ದಿನ ಗೊತ್ತುಮಾಡುವಾಗ ಅವರು ಹುಬ್ಬು ಗಂಟಿಕ್ಕಿದ್ದು ಇದಕ್ಕೇ ಎಂದು ಮಂಜರಿಗೆ ಈಗ ಹೊಳೆಯಿತು. ಎರಡು ದಿನವೆಂದು ಗೊತ್ತಿದ್ದೂ ಅವರು ಸೊಸೆಯ ಚುಚ್ಚುಮಾತಿಗೆ ಕಟ್ಟುಬಿದ್ದು ಒಪ್ಪಿದ್ದರು.

ಮಂಜರಿ ಮೊರ ಹಿಡಿದು ಹಾಗೇ ನಿಂತಳು. ಅವಳು ಒಂದು ದಿನದ ಸೇಡಿಗೆ ಮಾತ್ರ ತಯಾರಾಗಿದ್ದಳು. ಈಗ ಅದು ತಾನಾಗಿಯೇ ಇಮ್ಮಡಿಯಾಗಿ ಕೈಗೆ ಬಂದಿತ್ತು. ಎಪ್ಪತ್ತರ ಜೀವ, ಕೊಯ್ದ ವಸಡು, ಎರಡು ಹಗಲು ನೀರಿಲ್ಲ. ಟ್ರಂಕಿನ ಕಡೆಗೆ ಒಮ್ಮೆ ನೋಡಿದಳು. ಹೋಗಿ ಒಂದು ಪಟ್ಟಿ ತಂದು ಅಂಟಿಸಿದರೆ ಮುಗಿಯಿತು, ಉಪವಾಸವೂ ಉಳಿಯುತ್ತದೆ, ನೋವೂ ಇಳಿಯುತ್ತದೆ. ಆಮೇಲೆ ಅಪ್ಪ ಎಲೆ ಬಿಟ್ಟು ಎದ್ದದ್ದು ನೆನಪಾಯಿತು. ಅವಳು ಹೆಸರುಬೇಳೆಯನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು.

ಎರಡನೆಯ ದಿನ ಮಂಜರಿಯ ಗಂಟಲೂ ಒಣಗಿತ್ತು. ಹಟಕ್ಕೆ ಬಿದ್ದು ಅವಳೂ ಉಪವಾಸವಿದ್ದಳು. ಪಾತ್ರೆ ತಿಕ್ಕಲು ಬಂದ ರೇವವ್ವ ಒಳಗಿನ ನರಳಿಕೆ ಕೇಳಿ ಕೈಯಲ್ಲಿನ ಬೂದಿ ಸಮೇತ ಬಾಗಿಲಿಗೆ ಬಂದು ಇಣುಕಿದಳು. ಭಾಗೀರಥೀಬಾಯಿಯ ತುಟಿಗಳು ಬಿಳಿಚಿ ಒಡೆದಿದ್ದವು. ಕೆನ್ನೆ ಬಾತು ಒಂದು ಕಣ್ಣು ಅರ್ಧ ಮುಚ್ಚಿತ್ತು.

"ಮುದುಕಿ ಸಾಯಾಕತ್ತೈತಿ, ಬಾಯಾರ. ಏನರ ಆತಂದ್ರ ನಿಮ್ಮ ಮ್ಯಾಲ ಬರತೈತಿ ನೋಡ್ರಿ," ಎಂದಳು ರೇವವ್ವ.

ಗುಳಿಗೆ ಅಲ್ಲೇ ಇದೆ, ನೀರೂ ಅಲ್ಲೇ ಇದೆ, ಬೇಡವೆನ್ನುವವರು ಅವರು ಎಂದು ಮಂಜರಿ ಉತ್ತರ ಕೊಟ್ಟಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ರೇವವ್ವ ಈ ಮನೆಯವರ ದೇವರಿಗೊಂದು ನಮಸ್ಕಾರ ಎಂದು ಗೊಣಗಿಕೊಂಡು ಹೋದಳು.

ಬಿಸಿಲು ಹಿತ್ತಲ ಗೋಡೆಯಿಂದ ಇಳಿಯುವ ಹೊತ್ತು. ಮಂಜರಿ ಪಡಸಾಲೆಯ ಕಂಬಕ್ಕೊರಗಿ ಕಣ್ಣು ಮುಚ್ಚಿದ್ದಳು, ನಿದ್ದೆ ಮಾಡುತ್ತಿರಲಿಲ್ಲ. ಒಳಗೆ ಹಾಸಿಗೆ ಸರಿದ ಸಪ್ಪಳವಾಯಿತು. ಭಾಗೀರಥೀಬಾಯಿ ಗೋಡೆ ಹಿಡಿದು ಎದ್ದರು. ಸೊಸೆಯ ಕಡೆ ನೋಡಿದರು. ತಟ್ಟೆಯಿಂದ ಗುಳಿಗೆ ತೆಗೆದುಕೊಂಡರು, ತಂಬಿಗೆ ಮುಟ್ಟಲಿಲ್ಲ. ಹಾಸಿಗೆ ಇದ್ದಲ್ಲಿಂದ ದೇವರ ಕೋಣೆ ಎದುರಿಗೇ ಕಾಣುತ್ತಿತ್ತು, ದೇವರೆದುರು ಅವರು ಹೇಗೆ ಕುಡಿದಾರು? ಒಂದೊಂದೇ ಹೆಜ್ಜೆ ಇಡುತ್ತಾ ಬಚ್ಚಲಮನೆಗೆ ಹೋದರು. ದೇವರ ಕಣ್ಣು ತಪ್ಪಿಸಲು ಆ ಮನೆಯಲ್ಲಿ ಇದ್ದ ಜಾಗ ಅದೊಂದೇ.

ಹಂಡೆಯ ಮುಚ್ಚಳ ಸರಿದ ಸಪ್ಪಳ ಕೇಳುತ್ತಲೇ ಮಂಜರಿ ಎದ್ದಳು. ಟ್ರಂಕು ತೆರೆದು ಪಟ್ಟಿಗಳ ಲಕೋಟೆ ತೆಗೆದುಕೊಂಡು ಬಚ್ಚಲಮನೆಯ ಬಾಗಿಲಿಗೆ ಬಂದು ನಿಂತಳು. ಭಾಗೀರಥೀಬಾಯಿ ಗದ್ದದ ಮೇಲೆ ಇಳಿದ ನೀರನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾ ತಿರುಗಿದರು. ಸೊಸೆಯನ್ನು ನೋಡಿ ಅವರ ಕೈ ಸೆರಗಿನಲ್ಲೇ ಉಳಿಯಿತು.

ಮಂಜರಿ ಲಕೋಟೆ ಒಡೆದು ಒಂದು ಪಟ್ಟಿಯನ್ನು ತೋರಿಸಿದಳು. ಇದು ನೋವಿನ ಪಟ್ಟಿ, ರಟ್ಟೆಗೆ ಅಂಟಿಸುವುದು ಎಂದಳು. ಬಾಯಿಗೆ ಏನೂ ಹೋಗುವುದಿಲ್ಲ, ನೀರು ಬೇಕಾಗುವುದಿಲ್ಲ, ಏಕಾದಶಿಗೆ ಕುಂದಿಲ್ಲ, ನಿಮಗಾಗಿಯೇ ಡಾಕ್ಟರು ಬೇರೆ ಚೀಟಿ ಬರೆದುಕೊಟ್ಟರು ಎಂದು ಒಂದೂ ಬಿಡದೆ ಹೇಳಿದಳು. ಅವಳ ದನಿ ಈಗಲೂ ಏರಲಿಲ್ಲ.

"ಮೊನ್ನೆಯಿಂದ ನನ್ನ ಟ್ರಂಕಿನ್ಯಾಗ ಇತ್ತು, ಅತ್ತಿ. ಈಗ ಹಚ್ಚಲಿಕ್ಕೆ ಬರಂಗಿಲ್ಲ. ನೀವು ಗುಳಿಗಿ ನುಂಗೀರಿ."

ಭಾಗೀರಥೀಬಾಯಿ ಆ ಸಣ್ಣ ಅಂಟುಪಟ್ಟಿಯನ್ನು ನೋಡಿದರು. ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದು ಮಂಜರಿ ಕಾದಳು. ಅವರು ಹಂಡೆಯ ಕಟ್ಟೆಯ ಮೇಲೆ ಕುಸಿದು ಕುಳಿತರು. ಆಮೇಲೆ ಹೇಳಿದ ಮಾತು ಮಂಜರಿ ಎಣಿಸದೇ ಇದ್ದದ್ದು.

"ಜಡ್ಡಿನವರಿಗೆ ಏಕಾದಶಿ ಮಾಫ್ ಅದ. ಶಾಸ್ತ್ರದಾಗ ಅದ. ಆವತ್ತೂ ನನಗ ಗೊತ್ತಿತ್ತು. ನಿನಗ ಹೇಳಲಿಲ್ಲ."

ಮಂಜರಿ ಯಾಕೆ ಎಂದು ಕೇಳಿದಳು. ಹೊಸ ಸೊಸೆಯನ್ನು ಬಗ್ಗಿಸಬೇಕಾಗಿತ್ತು ಎಂದರು ಭಾಗೀರಥೀಬಾಯಿ, ಅಷ್ಟೇ ಎಂದರು. ತಾನು ಸೊಸೆಯಾಗಿ ಬಂದಾಗಲೂ ಯಾರೂ ಹೇಳಿರಲಿಲ್ಲ ಎಂದರು. ತನಗಾದರೂ ಈಗ ಆ ಮಾಫಿ ಇತ್ತಲ್ಲ, ಆದರೆ ಎಲ್ಲರೆದುರು ಅಷ್ಟು ವರ್ಷ ಆಡಿದ ಮೇಲೆ ಯಾವ ಬಾಯಿಂದ ಕೇಳಿಕೊಳ್ಳಲಿ ಎಂದು ಅತ್ತರು. ಅತ್ತಾದ ಮೇಲೆ ಮುಖ ಒರೆಸಿಕೊಂಡು, ನಾಳೆ ಪಾರಣೆಯಲ್ಲಿ ಎಲ್ಲವನ್ನೂ ತಾನೇ ಹೇಳುತ್ತೇನೆ ಎಂದರು. ತನ್ನ ಗುಳಿಗೆಯ ಮಾತನ್ನೂ ಹೇಳುತ್ತೇನೆ, ಅಂದು ತಿಳಿದೂ ತಿಳಿದೂ ನಿನ್ನ ಮಾನ ತೆಗೆದದ್ದನ್ನೂ ಹೇಳುತ್ತೇನೆ ಎಂದರು. ಹೇಳುವವರೇ ಅವರು. ಭಾಗೀರಥೀಬಾಯಿ ಕ್ರೂರಿಯಾಗಿದ್ದರು, ಆದರೆ ಆಯುಷ್ಯದಲ್ಲಿ ಒಂದೂ ಸುಳ್ಳು ಆಡಿದವರಲ್ಲ. ಅಂದು ಶಾಸ್ತ್ರವನ್ನು ಬಾಯಲ್ಲೇ ಇಟ್ಟುಕೊಂಡಿದ್ದರು, ಅಷ್ಟೆ.

ಆ ಸಂಜೆ ಮಂಜರಿ ಪಾರಣೆಯ ಅಡುಗೆಗೆ ಅಣಿಮಾಡುತ್ತಾ ಒಬ್ಬಳೇ ಕುಳಿತಳು. ಹದಿನಾಲ್ಕು ವರ್ಷದಿಂದ ಅವಳಿಗೆ ಬೇಕಾಗಿದ್ದದ್ದು ಇದೇ ಅಲ್ಲವೇ? ಅತ್ತೆ ಮುರಿದರು, ನಾಳೆ ತಮ್ಮ ಬಾಯಿಂದಲೇ ಒಪ್ಪಿಕೊಳ್ಳುತ್ತಾರೆ. ಅವಳ ಹೆಸರಿಗೆ ಅಂಟಿದ ಮಾತು ತೊಳೆದುಹೋಗುತ್ತದೆ. ಆದರೆ ಹಾಗೆಂದುಕೊಂಡಷ್ಟೂ ಅವಳ ಸಿಟ್ಟು ಹೆಚ್ಚಿತು. ಒಪ್ಪಿಕೊಂಡರೆ ಮುದುಕಿ ಹಗುರಾಗುತ್ತಾಳೆ. ಎಷ್ಟು ದೊಡ್ಡ ಮನಸ್ಸು ನೋಡಿ ಎಂದು ಪಂಕ್ತಿಯವರೇ ಕಣ್ಣೊರೆಸಿಕೊಳ್ಳುತ್ತಾರೆ. ಇತ್ತ ತನ್ನ ಹೆಸರು ತೊಳೆದು ಯಾರಿಗೆ ತೋರಿಸಬೇಕು? ಕೇಳಬೇಕಾದವರು ಮುದ್ದೇಬಿಹಾಳದಲ್ಲಿ ಎಂದೋ ಬೂದಿಯಾಗಿದ್ದರು. ಅಪ್ಪನಿಗೆ ತಲುಪದ ಮಾಫಿ ತನಗೂ ಬೇಡ ಎಂದು ಅವಳು ನಿಶ್ಚಯ ಮಾಡಿದಳು.

ಮರುದಿನ ಬೆಳಿಗ್ಗೆ ಪೂಜೆ ಮುಗಿದು ಎಲೆ ಹಾಕಿದರು. ಶ್ರೀವಲ್ಲಭ ಸಿಂದಗಿಯಿಂದ ಮೊದಲ ಬಸ್ಸಿಗೇ ಬಂದಿದ್ದ. ಪೂಜೆ ಮಾಡಿಸಿದ ಆಚಾರ್ಯರು ಇದ್ದರು, ನೆರೆಮನೆಯ ಕೃಷ್ಣಾಬಾಯಿ ಹೊಸದಾಗಿ ಬಂದ ತನ್ನ ಸೊಸೆಯನ್ನು ಕರೆದುಕೊಂಡು ಬಂದಿದ್ದಳು, ಓಣಿಯ ಇನ್ನೂ ಕೆಲವರು ಇದ್ದರು. ಹಲ್ಲು ಕೀಳಿಸಿಕೊಂಡ ಮೈಯಲ್ಲಿ ಎರಡು ದಿನ ನೀರಿಲ್ಲದೆ ಇದ್ದಾರೆಂದು ಸುದ್ದಿ ಆಗಲೇ ಹಬ್ಬಿತ್ತು. ಕೃಷ್ಣಾಬಾಯಿ ಅದನ್ನೇ ದೊಡ್ಡ ದನಿಯಲ್ಲಿ ಹೊಗಳುತ್ತಿದ್ದಳು. ಭಾಗೀರಥೀಬಾಯಿ ಕೈ ಎತ್ತಿ ಅವಳನ್ನು ತಡೆದರು.

"ಒಂದು ಮಾತು ಹೇಳೋದದ," ಎಂದರು.

ಅವರು ಸೊಸೆಯ ಕಡೆ ನೋಡಿದರು. ಆ ನೋಟದಲ್ಲಿ ಕೇಳಿಕೆಯಿತ್ತು. ತೊವ್ವೆಯ ಪಾತ್ರೆ ಹಿಡಿದು ನಿಂತಿದ್ದ ಮಂಜರಿ ಅದನ್ನು ಕೆಳಗಿಟ್ಟಳು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಸಾಕಾಗಿತ್ತು. ಅವಳು ಅತ್ತೆಯ ಪಕ್ಕಕ್ಕೆ ಬಂದು, ಹೆಗಲ ಮೇಲೆ ಮೆತ್ತಗೆ ಕೈಯಿಟ್ಟಳು.

"ಮಾತಾಡಬ್ಯಾಡ್ರಿ ಅತ್ತಿ, ಟಾಕಿ ಬಿಚ್ಚತಾವ." ಆಮೇಲೆ ಪಂಕ್ತಿಯ ಕಡೆ ತಿರುಗಿದಳು. "ನಾ ಬಾಜೂಕ ಇದ್ದೆ. ಎರಡು ದಿವಸ ಒಂದು ಹನಿ ನೀರು ಸೈತ ಮುಟ್ಟಿಲ್ಲ ಇವರು."

"ಇಲ್ಲ," ಎಂದರು ಭಾಗೀರಥೀಬಾಯಿ. ದನಿ ಬಾತ ದವಡೆಯೊಳಗೇ ಸಿಕ್ಕಿಕೊಂಡಿತು. "ಇಲ್ಲ, ನಾ ಗುಳಿಗಿ..."

ಗುಳಿಗೆಯನ್ನು ತಟ್ಟೆಯಲ್ಲಿಟ್ಟು ಎರಡು ದಿನ ಮುಂದೆ ಹಿಡಿದರೂ ಕೈಯಿಂದ ಸರಿಸಿದರು ಎಂದು ಮಂಜರಿ ಮಾತು ಮುಗಿಸಿದಳು, ಬೇಕಾದರೆ ರೇವವ್ವನನ್ನು ಕೇಳಿ ಎಂದಳು. ಹೊಗಳಿಕೆಯೂ ಬೇಡವೆನ್ನುತ್ತಾರೆ ನೋಡಿ ಎಂದು ಆಚಾರ್ಯರು ತಲೆದೂಗಿದರು. ಭಾಗೀರಥೀಬಾಯಿ ಇನ್ನೂ ಏನೋ ಹೇಳಹೋದರು, ತಲೆ ಅಲ್ಲಾಡಿಸಿದರು, ಕಣ್ಣಿಂದ ನೀರು ಸುರಿಯಿತು. ಭಕ್ತಿಯಿಂದ ಕಂಠ ತುಂಬಿತು ಎಂದು ಹೆಂಗಸರು ಪಿಸುಗುಟ್ಟಿದರು. ಶ್ರೀವಲ್ಲಭ ಎದ್ದು ತಾಯಿಯ ಪಾದ ಮುಟ್ಟಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಕಾಲು ಹಿಂದಕ್ಕೆಳೆದುಕೊಳ್ಳಲು ಭಾಗೀರಥೀಬಾಯಿ ನೋಡಿದರು. ಗೋಡೆ ಅಡ್ಡ ಬಂತು, ಹೆಗಲ ಮೇಲೆ ಸೊಸೆಯ ಕೈಯೂ ಇತ್ತು.

ಕೊನೆಗೆ ಕೃಷ್ಣಾಬಾಯಿ ತನ್ನ ಸೊಸೆಯನ್ನು ಮುಂದೆ ದೂಡಿದಳು. ಇವರನ್ನು ನೋಡಿ ಕಲಿ, ಒಂದು ದಿನ ಹಸಿವು ತಡೆಯುವುದಿಲ್ಲ ನೀನು ಎಂದಳು. ಹುಡುಗಿ ಅಂಜುತ್ತಾ ಬಗ್ಗಿ ಹಣೆಯನ್ನು ಪಾದಕ್ಕೆ ಹಚ್ಚಿದಳು. ಭಾಗೀರಥೀಬಾಯಿ ಮಂಜರಿಯ ಮುಖ ನೋಡಿದರು. ಅಷ್ಟು ಜನರ ನಡುವೆ ನಿಜ ಗೊತ್ತಿದ್ದ ಇನ್ನೊಬ್ಬಳು ಅವಳೊಬ್ಬಳೇ.

"ಆಶೀರ್ವಾದ ಮಾಡ್ರಿ, ಅತ್ತಿ," ಎಂದಳು ಮಂಜರಿ.

ಮುದುಕಿಯ ಕೈ ಹುಡುಗಿಯ ತಲೆಯ ಮೇಲೆ ಇಳಿಯಿತು. ಅದು ಅಲ್ಲಿ ಕೂಡುವವರೆಗೂ ಮಂಜರಿ ನೋಡುತ್ತಾ ನಿಂತಿದ್ದು, ಆಮೇಲೆ ಪಾತ್ರೆ ಎತ್ತಿಕೊಂಡು ಅತ್ತೆಯ ಎಲೆಗೆ ಮೊದಲು ಬಡಿಸಿದಳು.